ರಾಮಲಿಂಗಪ್ಪನವರ ಕಾರ್ಡು

ಪುಣೆಯ ಬಿಬವೇವಾಡಿಯ ಅಗ್ಗದ ಬಜಾರಿಗೆ ಬುಧವಾರ ಬೆಳಿಗ್ಗೆ ಹತ್ತರೊಳಗೆ ಹೋಗಬೇಕು. ಹತ್ತು ದಾಟಿದರೆ ರಿಯಾಯಿತಿಯ ತೊಗರಿಬೇಳೆ ಮುಗಿದಿರುತ್ತದೆ, ತಳದ ನುಚ್ಚು ಉಳಿದಿರುತ್ತದೆ. ಮನೆಯಲ್ಲಿ ಉಂಡು ಹೋಗಬೇಕು, ಹಸಿದವರ ಕೈ ಉದ್ದ. ತಳ್ಳುವ ಗಾಡಿ ಹಿಡಿಯಬಾರದು, ಬುಟ್ಟಿ ಹಿಡಿಯಬೇಕು. ಎಷ್ಟು ತುಂಬಿಕೊಂಡೆವು ಎಂಬುದು ಗಾಡಿಗೆ ತಿಳಿಯದು, ತೋಳಿಗೆ ತಿಳಿಯುತ್ತದೆ. ರೇಟಿಗಿಂತ ಮೊದಲು ತೂಕ ನೋಡಬೇಕು. ಕಿಲೋದ ಚೀಲದಷ್ಟೇ ದೊಡ್ಡ ಚೀಲದಲ್ಲಿ ಎಂಟುನೂರಾ ಐವತ್ತು ಗ್ರಾಂ ತುಂಬಿ ಇಟ್ಟಿರುತ್ತಾರೆ.

ಇದೆಲ್ಲ ಶಿವಗಂಗವ್ವನಿಗೆ ಗಂಡ ಹೇಳಿದ್ದು.

"ಕಣ್ಣಿನ ಮಟ್ಟಕ್ಕ ಇಟ್ಟದ್ದು ಅಂಗಡಿಯವನ ಲಾಭ. ಮೊಣಕಾಲ ಕೆಳಗ ಇಟ್ಟದ್ದು ನಮ್ಮ ಲಾಭ. ಬಗ್ಗಬೇಕು, ಬಗ್ಗಿದವರಿಗೆ ಸಿಗತದ" ಎನ್ನುತ್ತಿದ್ದರು.

ರಾಮಲಿಂಗಪ್ಪನವರು ಇಂಡಿ ತಾಲೂಕಿನವರು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಬಳಿ ಮೂವತ್ನಾಲ್ಕು ವರ್ಷ ದಿವಾನಜಿ, ಅಂದರೆ ಲೆಕ್ಕ ಬರೆಯುವವರು. ಆಗ ಮನೆಗೆ ಕಾಳುಕಡಿ ಯಾರ್ಡಿನ ಧಾರಣೆಗೇ ಚೀಲಗಟ್ಟಲೆ ಬರುತ್ತಿತ್ತು. ಶಿವಗಂಗವ್ವ ಎರಡನೆಯ ಇಯತ್ತೆ ಕಲಿತವಳು. ಹದಿನೇಳಕ್ಕೆ ಮದುವೆಯಾಗಿ ಈ ಊರಿಗೆ ಬಂದಮೇಲೆ ಒಂದು ಅಂಗಡಿಯ ಮೆಟ್ಟಿಲು ಹತ್ತಿ ಇದಕ್ಕೆಷ್ಟು ಎಂದು ಕೇಳಿದವಳಲ್ಲ. ಗಂಡ ಕೆಲಸ ಬಿಟ್ಟಮೇಲೆ ಯಾರ್ಡಿನ ಧಾರಣೆ ಸಿಗಲಿಲ್ಲ. ರಾಮಲಿಂಗಪ್ಪನವರು ಈ ಬಜಾರು ಹಿಡಿದರು. ಅವರು ಒಳಗೆ ಹೋಗುವರು, ಅವಳು ಚೀಲ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂಡುವಳು. ಹೊರಗೆ ಬಂದವರು ಬಿಲ್ಲಿನ ಕೊನೆಯ ಸಾಲನ್ನು ಅವಳಿಗೆ ಓದಿ ಹೇಳುವರು. ಈ ವಾರ ಇಷ್ಟು ಉಳಿಯಿತು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಮುಖ ಆಗುತ್ತಿತ್ತು ಅವರದು.

ಆಷಾಢದಲ್ಲಿ ತೀರಿಕೊಂಡರು. ಅರವತ್ತೆಂಟು ವಯಸ್ಸು.

ಮಗಳು ಸುಮಂಗಲಾ ಶಿರೂರಿನಲ್ಲಿ ಇದ್ದಾಳೆ. ಅವಳ ಗಂಡನದು ಕಿರಾಣಿ ಅಂಗಡಿ, ಅಲ್ಲಿಗೆ ಬಂದುಬಿಡು ಎಂದು ಕರೆದಳು. ಶಿವಗಂಗವ್ವ ಹೋಗಲಿಲ್ಲ. ರೂಮು ಮಾಡಿಕೊಂಡಿದ್ದ ನಮ್ಮ ಕಡೆಯ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು, ಒಂದಕ್ಕೆ ಹದಿನೈದು ರೂಪಾಯಿ. ಅದರಲ್ಲೇ ನಡೆಯಬೇಕು. ಹೀಗಾಗಿ ಒಂದೂವರೆ ತಿಂಗಳು ಕಳೆದಮೇಲೆ ಬುಟ್ಟಿ ಹಿಡಿದು ತಾನೇ ಒಳಗೆ ಹೋದಳು.

ಮೊದಲು ಬಹಳ ತಪ್ಪಿದಳು. ದೊಡ್ಡ ಚೀಲ ತಂದರೆ ಅಗ್ಗ ಎಂದು ಗಂಡ ಹೇಳಿದ್ದ ನೆನಪಿನಲ್ಲಿ ಐದು ಕಿಲೋ ಕಡಲೆಹಿಟ್ಟು ತಂದಳು. ಒಂದೇ ಬಾಯಿ, ಎಷ್ಟು ತಿಂದೀತು? ಹಿಟ್ಟಿಗೆ ಹುಳ ಬಿದ್ದವು. ಒಂದು ಕೊಂಡರೆ ಒಂದು ಪುಕ್ಕಟೆ ಎಂದು ಕೊಟ್ಟದ್ದರಲ್ಲಿ ಪುಕ್ಕಟೆಯದು ಕೆಟ್ಟುಹೋಯಿತು. ಅಲ್ಲಿನ ಉಳಿತಾಯವೆಲ್ಲ ಎರಡು ತಾಟು ಇಡುವ ಮನೆಗೆ ಮಾಡಿದ್ದು. ಕಡೆಗೆ ಕೆಳಗಿನ ಮಹಡಿಯ ಲೀಲಾಕ್ಷಿ ಪಾಲಿಗೆ ಬಂದಳು. ಉಡುಪಿ ಕಡೆಯವಳು, ಗಂಡ ತನಿಯಪ್ಪ ಹೋಟೆಲಿನಲ್ಲಿ ಅಡುಗೆಯವನು. ದೊಡ್ಡ ಚೀಲ ತಂದು ಇಬ್ಬರೂ ಮೆಟ್ಟಿಲ ಮೇಲೆ ಕೂತು ಹಂಚಿಕೊಳ್ಳುವರು. ಲೀಲಾಕ್ಷಿಗೆ ಮೂರು ಪಾಲು, ಇವಳಿಗೆ ಒಂದು.

ಆ ಬಜಾರಿನಲ್ಲಿ ಕಾರ್ಡು ಇದ್ದವರಿಗೆ ರೇಟು ಬೇರೆ. ಎಣ್ಣೆಗೆ ಕಿಲೋದ ಮೇಲೆ ಹನ್ನೆರಡು ರೂಪಾಯಿ ಕಡಿಮೆ, ಸಕ್ಕರೆಗೆ ನಾಲ್ಕು. ಕಾರ್ಡು ಎಂದರೆ ಕೈಯಲ್ಲಿ ಹಿಡಿಯುವಂಥದೇನಲ್ಲ, ಫೋನಿನ ನಂಬರು. ನಂಬರು ಹೇಳಿದರೆ ಗಲ್ಲೆಯಲ್ಲಿ ಬಿಲ್ಲು ಮಾಡುವ ಹುಡುಗಿಯ ಮುಂದಿನ ತೆರೆಯ ಮೇಲೆ ಹೆಸರು ಬರುತ್ತದೆ. ಕೊಂಡದ್ದಕ್ಕೆಲ್ಲ ಪಾಯಿಂಟು ಜಮೆಯಾಗುತ್ತದೆ, ಒಂದು ಪಾಯಿಂಟಿಗೆ ಒಂದು ರೂಪಾಯಿಯ ಸಾಮಾನು. ರಾಮಲಿಂಗಪ್ಪನವರು ನಾಲ್ಕು ವರ್ಷ ಪಾಯಿಂಟು ಮುಟ್ಟಿರಲಿಲ್ಲ.

ಮೊದಲ ದಿನ ಶಿವಗಂಗವ್ವ ನಾಲ್ಕನೆಯ ಗಲ್ಲೆಯ ಮುಂದೆ ನಿಂತಳು. ಅಲ್ಲಿ ಕೂತವಳು ಸ್ನೇಹಲ್. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ, ತಾಯಿ ಅಕ್ಕಲಕೋಟೆಯವರಾದ್ದರಿಂದ ಮರಾಠಿ ಬೆರೆಸಿ ಕನ್ನಡ ಆಡುತ್ತಾಳೆ. ಶಿವಗಂಗವ್ವ ಹೇಳಿದ ಗಂಡನ ನಂಬರು ಒತ್ತಿ ತೆರೆ ನೋಡಿದಳು.

"ರಾಮಲಿಂಗಪ್ಪ" ಎಂದು ಓದಿದಳು. "ಅಯ್ಯ, ನೀವು ಕಾಕೂ ಏನ್ರಿ? ಕಾಕಾ ಭಾಳ ದಿನಾ ಆತು ಬಂದಿಲ್ಲ. ಎರಡು ರೂಪಾಯಿ ಸಲುವಾಗಿ ನನ್ನ ಜೋಡಿ ಜಗಳಾ ಮಾಡವರು ಯಾರೂ ಇಲ್ಲದಂಗ ಆಗೇದ. ಎಲ್ಲಿ ಹೋಗ್ಯಾರ?"

ಶಿವಗಂಗವ್ವನ ಸೆರಗು ಹಣೆಯ ತನಕ ಇತ್ತು. ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು.

"ಊರಿಗೆ ಹೋಗ್ಯಾರವ."

ಗಂಡನ ಹೆಸರನ್ನು ಅವಳು ಎಂದೂ ಬಾಯಿಯಿಂದ ಆಡಿದವಳಲ್ಲ. ಮನೆಯಲ್ಲಿ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಂದವರೆಲ್ಲ ಅವರನ್ನು ತೀರಿಕೊಂಡವರು, ಹೋದವರು, ಲಿಂಗೈಕ್ಯರಾದವರು ಎನ್ನುತ್ತಿದ್ದರು. ಇಲ್ಲಿ ಈ ಹುಡುಗಿ ನಡುಹಗಲಿನಲ್ಲಿ, ಸಾಮಾನಿನ ಸದ್ದಿನ ನಡುವೆ, ಹೆಸರು ಹಿಡಿದು ಎಲ್ಲಿ ಎಂದು ಕೇಳಿದಳು. ಇದ್ದವರನ್ನು ಕೇಳುವ ಹಾಗೆ.

ಮುಂದಿನ ಬುಧವಾರವೂ ಅದೇ ಗಲ್ಲೆಗೆ ಹೋದಳು. ಅದರ ಮುಂದಿನದಕ್ಕೂ. ರಾಮಲಿಂಗಪ್ಪನವರು ಊರಿನಲ್ಲಿ ತಮ್ಮನ ಮಗಳ ಮದುವೆ ಮುಗಿಸಿದರು. ಹಿಂಗಾರಿ ಜೋಳ ಬಿತ್ತಿಸಿದರು. ಮೊಣಕಾಲು ನೋವೆಂದು ಉಳಿದರು. ದೀಪಾವಳಿಗೆ ಬಂದು ಎರಡೇ ದಿನಕ್ಕೆ ತಿರುಗಿ ಹೋದರು. ಸ್ನೇಹಲ್ ನಗುವಳು, ಕಾಕಾಗೆ ನಮಸ್ಕಾರ ಹೇಳಿರಿ ಎನ್ನುವಳು. ಒಮ್ಮೆ ನೋವಿನ ಎಣ್ಣೆಯ ಸಣ್ಣ ಬಾಟಲಿ ತನ್ನ ದುಡ್ಡಿನಲ್ಲಿ ಕೊಂಡು ಕೊಟ್ಟಳು, ಮೊಣಕಾಲಿಗೆ ಎಂದು. ಶಿವಗಂಗವ್ವ ಅದನ್ನು ತಂದು ಕಪಾಟಿನಲ್ಲಿಟ್ಟಳು. ತನ್ನ ಮೊಣಕಾಲಿಗೂ ಹಚ್ಚಿಕೊಳ್ಳಲಿಲ್ಲ.

ಸುಳ್ಳಿಗೆ ಕೈಕಾಲು ಬೇಕಾಗುತ್ತವೆ. ಬೋಳು ಹಣೆಯನ್ನು ಸೆರಗು ಎಷ್ಟು ದಿನ ಮುಚ್ಚಿಟ್ಟೀತು? ಒಂದು ಬುಧವಾರ ಬೆಳಿಗ್ಗೆ ವಿಭೂತಿ ಧರಿಸಿದಮೇಲೆ ಟ್ರಂಕಿನಿಂದ ಹಳೆಯ ಟಿಕಳಿಯ ಪಾಕೀಟು ತೆಗೆದಳು. ಒಂದು ಸಣ್ಣದನ್ನು ಹಣೆಗೆ ಅಂಟಿಸಿಕೊಂಡಳು. ಸೆರಗನ್ನು ಕೊರಳಿಗೆ ಸುತ್ತಿಕೊಂಡಳು. ಕನ್ನಡಿ ನೋಡಲಿಲ್ಲ. ಬಜಾರಿನಿಂದ ತಿರುಗಿ ಬರುವಾಗ ಗೇಟಿನ ಹತ್ತಿರ ಕಿತ್ತು ಒಗೆದಳು. ಆಮೇಲೆ ಪ್ರತಿ ಬುಧವಾರ ಹಾಗೆಯೇ.

ಲೀಲಾಕ್ಷಿ ಒಂದು ದಿನ ಮೆಟ್ಟಿಲ ಮೇಲೆ ನೋಡಿಬಿಟ್ಟಳು.

"ಶಿವಗಂಗಕ್ಕ, ಹಣೆಗೆ ಎಂಥ ಅದು?" ಎಂದಳು.

ಶಿವಗಂಗವ್ವ ಕಂಬಿ ಹಿಡಿದು ನಿಂತಳು.

"ಅಲ್ಲಿ ಆ ಹುಡುಗಿ ಕೇಳತಾಳವಾ. ಇಲ್ಲ ಅಂತ ಹೇಳಾಕ ನನ್ನ ಬಾಯಿಲೆ ಬರವಲ್ದು."

ಲೀಲಾಕ್ಷಿ ನಗಲೂ ಇಲ್ಲ, ಬೈಯಲೂ ಇಲ್ಲ. ಅವಳ ಕೈಯ ಖಾಲಿ ಚೀಲವನ್ನು ನೋಡಿದಳು. "ನಾನು ಯಾರ ಹತ್ರವೂ ಹೇಳುದಿಲ್ಲ. ಪಕ್ಕದ ಕೌಂಟರ್ ಖಾಲಿ ಇದ್ದರೂ ನೀವು ಉದ್ದ ಲೈನಲ್ಲೇ ನಿಲ್ಲುದು ಎಂಥಕ್ಕೆ ಅಂತ ನಂಗೆ ಈಗ ಗೊತ್ತಾಯ್ತು" ಎಂದು ಇಳಿದು ಹೋದಳು.

ಫಾಲ್ಗುಣದಲ್ಲಿ ಬಜಾರಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಸ್ನೇಹಲ್ ಅದರ ಮಾತನ್ನು ತಾನೇ ಹೇಳಿದಳು. ಹಳೆಯ ಕಾರ್ಡುಗಳೆಲ್ಲ ಈ ತಿಂಗಳ ಕೊನೆಗೆ ಬಂದ್. ಕಾರ್ಡಿನವರು ಆಧಾರ್ ಹಿಡಿದು ಬಂದು ಹೊಸದಾಗಿ ಬರೆಸಬೇಕು. ಬರದಿದ್ದರೆ ರೇಟೂ ಇಲ್ಲ, ಪಾಯಿಂಟೂ ಇಲ್ಲ.

"ಕಾಕಾನ್ನ ಕರಕೊಂಡು ಬರ್ರಿ, ಕಾಕೂ. ಸಾವಿರದ ಏಳುನೂರಾ ನಲವತ್ತು ಪಾಯಿಂಟ್ ಅದಾವ. ಒಂದು ದಿನಾ ಬಂದು ಹೋಗ್ರಿ ಅಂತ ಹೇಳ್ರಿ. ನಾನೂ ನೋಡಿದಂಗ ಆಗತದ."

ಸಾವಿರದ ಏಳುನೂರಾ ನಲವತ್ತು ಎಂದರೆ ನೂರಾ ಹದಿನಾರು ರೊಟ್ಟಿ. ಆರೇಳು ತಿಂಗಳ ಎಣ್ಣೆ. ಅದು ಹೋದರೂ ಹೋಗಲಿ ಎಂದರೆ, ಮುಂದೆ ವಾರವಾರವೂ ಕಾರ್ಡಿಲ್ಲದ ರೇಟು ಕೊಡಬೇಕು. ರೊಟ್ಟಿಯ ದುಡ್ಡಿನಲ್ಲಿ ಅದು ನಡೆಯುವ ಮಾತಲ್ಲ.

ಲೀಲಾಕ್ಷಿ ಆ ಕಾಗದವನ್ನು ಪೂರ್ತಿ ಓದಿ ಬಂದಳು. ಕಾರ್ಡಿನವರು ತೀರಿಹೋಗಿದ್ದರೆ ಮರಣದ ದಾಖಲೆ ತೋರಿಸಿ ಹೆಂಡತಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು, ಪಾಯಿಂಟು ಒಂದೂ ಹೋಗುವುದಿಲ್ಲ. ಬಾಗಿಲ ಹತ್ತಿರದ ಮೇಜಿನಲ್ಲೇ ಆಗುತ್ತದೆ, ಸ್ನೇಹಲ್‌ಗೆ ತಿಳಿಯಬೇಕಾಗಿಯೂ ಇಲ್ಲ. ಆಮೇಲೆ ಬೇರೆ ಗಲ್ಲೆಗೆ ಹೋದರಾಯಿತು, ಅಲ್ಲಿ ಎಂಟು ಇವೆ ಎಂದಳು.

ಶಿವಗಂಗವ್ವ ಮೂರು ವಾರ ತಳ್ಳಿದಳು. ಕಾಕಾ ಬಂದರೇ ಎಂದು ಸ್ನೇಹಲ್ ಮೂರು ವಾರ ಕೇಳಿದಳು. ಕೊನೆಯ ಬುಧವಾರ ಬಂತು.

ಅಂದು ಟಿಕಳಿ ಹಚ್ಚಿಕೊಳ್ಳಲಿಲ್ಲ. ಸೆರಗನ್ನು ನೆತ್ತಿಯ ಮೇಲೆ ಇಟ್ಟಳು, ಹಣೆಗೆ ಎಳೆಯಲಿಲ್ಲ. ಸುಮಂಗಲಾ ಮಾಡಿಸಿಕೊಟ್ಟ ದಾಖಲೆ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇತ್ತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೊರಟಳು.

ಬಾಗಿಲ ಹತ್ತಿರದ ಮೇಜಿಗೇ ಮೊದಲು ಹೋದಳು. ಅಲ್ಲಿ ಒಬ್ಬ ಗಂಡಸು ಕೂತಿದ್ದ. ಮುಂದಿದ್ದವರು ಇಬ್ಬರೇ. ಒಬ್ಬರದು ಮುಗಿಯಿತು. ಆಗ ಅವಳಿಗೆ ಅನಿಸಿತು: ಸುಳ್ಳು ಹೇಳಿದ್ದು ಆ ಹುಡುಗಿಗೆ, ಖರೆ ಈ ಗಂಡಸಿಗೆ ಹೇಳಿ ಹೋದರೆ ಅದು ಇನ್ನೊಂದು ಸುಳ್ಳು. ಅಲ್ಲಿಂದ ಹೊರಬಿದ್ದು ನಾಲ್ಕನೆಯ ಗಲ್ಲೆಯ ಸಾಲಿಗೆ ಹೋಗಿ ನಿಂತಳು. ಬುಟ್ಟಿಯಲ್ಲಿ ಏನೂ ಇರಲಿಲ್ಲ.

ಸ್ನೇಹಲ್ ತಲೆ ಎತ್ತಿದಳು. ಕಾಕಾ ಎನ್ನಲು ಬಾಯಿ ತೆರೆದವಳ ಕಣ್ಣು ಶಿವಗಂಗವ್ವನ ಹಣೆಯ ಮೇಲೆ ನಿಂತಿತು. ಅಲ್ಲಿಂದ ಕೊರಳಿಗೆ ಇಳಿಯಿತು. ಶಿವಗಂಗವ್ವ ಕಾಗದ ಮುಂದಿಟ್ಟಳು. ಹುಡುಗಿ ಅದನ್ನು ಓದಿದಳು, ತಾರೀಖಿನ ಮೇಲೆ ಬೆರಳಿಟ್ಟಳು.

"ಇದು ಜುಲೈದಾಗಿಂದು" ಎಂದಳು.

"ಹೌದವ."

"ನಾ ಪ್ರತಿ ವಾರ ಕೇಳತಿದ್ದೆ."

"ನೀ ಕೇಳತಿದ್ದಿ ಅಂತನ ಹೇಳಲಿಲ್ಲವ. ಹೇಳಿದ್ದರ ನೀ ಕೇಳೂದು ಬಿಡತಿದ್ದಿ."

ಸ್ನೇಹಲ್ ಕಾಗದವನ್ನು ಮಡಚಿದಳು. ಮುಖ ಕೆಂಪಾಗಿತ್ತು, ಅದು ದುಃಖವೋ ಸಿಟ್ಟೋ ತಿಳಿಯುವಂತಿರಲಿಲ್ಲ. ಕಾಗದ ತೆಗೆದುಕೊಂಡು ಎದ್ದು, ಮೇಜಿನ ಗಂಡಸಿನ ಬಳಿ ತಾನೇ ಹೋಗಿ ಮರಾಠಿಯಲ್ಲಿ ಏನೋ ಹೇಳಿ ಬಂದಳು. ಅಲ್ಲಿಗೆ ಹೋಗಿರಿ ಎಂದು ಕೈ ತೋರಿಸಿದಳು. ಹಿಂದಿನವರ ಸಾಮಾನು ಎಳೆದುಕೊಂಡು ಬಿಲ್ಲು ಒತ್ತತೊಡಗಿದಳು.

ಮೇಜಿನ ಮುಂದೆ ಶಿವಗಂಗವ್ವ ಎರಡು ಕಡೆ ಸಹಿ ಮಾಡಿದಳು. ಶಿ ಬರೆಯಲು ಹೊತ್ತು ಹಿಡಿಯಿತು. ಗಂಡಸು ರಾಮಲಿಂಗಪ್ಪನವರ ಹೆಸರಿನ ಎದುರು ಏನೋ ಒತ್ತಿದ. ಆಯಿತು ಎಂದ. ಅಷ್ಟೇ. ಐದು ಲೀಟರಿನ ಎಣ್ಣೆಯ ಡಬ್ಬಿಯನ್ನು ಪಾಯಿಂಟಿನಲ್ಲೇ ಕೊಂಡಳು, ಆ ಗಂಡಸೇ ಬಿಲ್ಲು ಮಾಡಿಕೊಟ್ಟ. ದಾರಿಯಲ್ಲಿ ಮೂರು ಕಡೆ ಡಬ್ಬಿ ಕೆಳಗಿಟ್ಟು ನಿಂತಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಗಂಡನ ದಿನಕರ್ಮದ ಹೊತ್ತಿನಲ್ಲೂ ಅಷ್ಟು ಅತ್ತಿರಲಿಲ್ಲ.

ಮುಂದಿನ ಬುಧವಾರ ಹೋಗುವುದು ಬೇಡವೆನಿಸಿತು. ಆದರೆ ಹಿಟ್ಟು ಇರಲಿಲ್ಲ, ಬೇಳೆ ಇರಲಿಲ್ಲ. ಹೋದಳು. ಬೇಕಾದ್ದನ್ನು ತುಂಬಿಕೊಂಡು ಏಳನೆಯ ಗಲ್ಲೆಯ ಕಡೆ ನಡೆದಳು. ಅಲ್ಲಿ ಯಾರೂ ಇರಲಿಲ್ಲ.

"ಕಾಕೂ, ಈ ಕಡೆ ಬರ್ರಿ."

ಸ್ನೇಹಲ್ ಕೂತಲ್ಲಿಂದಲೇ ಕರೆದಿದ್ದಳು. ಶಿವಗಂಗವ್ವ ಹೋಗಿ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಹುಡುಗಿ ನಂಬರು ಕೇಳಲಿಲ್ಲ, ಅವಳಿಗೆ ಬಾಯಿಪಾಠವಾಗಿತ್ತು. ಬೇಳೆಯ ಚೀಲ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಏನಾಗಿತ್ತು ಕಾಕಾಗೆ?"

ಎಂಟು ತಿಂಗಳಲ್ಲಿ ಇದನ್ನು ಯಾರೂ ಅವಳ ಬಾಯಿಂದ ಕೇಳಿರಲಿಲ್ಲ. ಬಂದವರಿಗೆಲ್ಲ ಗೊತ್ತಿತ್ತು. ಎದೆಯ ನೋವು, ಒಂದೇ ಸಲಕ್ಕೆ ಹೋದರು, ಪುಣ್ಯದ ಸಾವು ಎಂದು ಅವರೇ ಅವಳಿಗೆ ಹೇಳಿ ಹೋಗಿದ್ದರು.

"ಮಂಗಳವಾರ ಇತ್ತವ" ಎಂದಳು ಶಿವಗಂಗವ್ವ. "ಮಳಿ ಹತ್ತಿತ್ತು. ಚಾ ಮಾಡಿ ಕೊಟ್ಟೆ. ಒಂದು ಗುಟುಕು ಕುಡದು, ಸಕ್ಕರಿ ಹಾಕೇ ಇಲ್ಲೇನು ಅಂದ್ರು. ಡಬ್ಬಿಯೊಳಗ ತಳಕ್ಕ ಹತ್ತಿತ್ತು. ಮೂಲಿ ಅಂಗಡ್ಯಾಗ ಸಿಗತಿತ್ತು. ನಾಳೆ ಬುಧವಾರ, ನಾಕು ರೂಪಾಯಿ ಉಳಿತಾವ ಅಂತ ಅರ್ಧಾ ಚಮಚಾ ಹಾಕಿ ಕೊಟ್ಟಿದ್ದೆ."

ಹಿಂದೆ ನಿಂತಿದ್ದ ಹೆಂಗಸು ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಏಳನೆಯ ಗಲ್ಲೆ ಖಾಲಿ ಇದೆ ಎಂದು ಸ್ನೇಹಲ್ ಅವಳಿಗೆ ಮರಾಠಿಯಲ್ಲಿ ಹೇಳಿದಳು. ಬೇಳೆಯ ಚೀಲ ಕೆಳಗಿಟ್ಟಳು.

"ಮುಂದ?" ಎಂದಳು.

ಶಿವಗಂಗವ್ವ ಮುಂದಿನದನ್ನು ಹೇಳಿದಳು.