ವಾಸಿಯಾಗಲು ಹೆದರಿದ ಕೈ

1984ರಲ್ಲಿ ನಾನು ಕೋಲಾರದ ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಆ ಹೆಸರು ಆಗ ಜನರ ಬಾಯಿಗೆ ಬಂದಿರಲಿಲ್ಲ. ಕೆಲವರು ‘ಕಸರತ್ತು ಮೇಡಂ’ ಎನ್ನುತ್ತಿದ್ದರು, ಹಳ್ಳಿಯ ಹೆಂಗಸರು ‘ಕೈ ನೀವೋ ಅಮ್ಮ’ ಎನ್ನುತ್ತಿದ್ದರು. ಮುರಿದ ಮೂಳೆಯನ್ನು ಕೂಡಿಸುವುದು ಡಾಕ್ಟರ ಕೆಲಸ. ಕೂಡಿದ ಮೇಲೆ ಬಿಗಿದುಕೊಂಡ ಕೀಲನ್ನು ಸಡಿಲಿಸಿ, ಆ ಕೈಯೋ ಕಾಲೋ ಮತ್ತೆ ದುಡಿಯುವ ಹಾಗೆ ಮಾಡುವುದು ನನ್ನ ಕೆಲಸ. ಡಾಕ್ಟರು ರೋಗಿಯನ್ನು ಐದು ನಿಮಿಷ ನೋಡಿದರೆ ನಾನು ವಾರಗಟ್ಟಲೆ ನೋಡುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಿಂದ ಸರೋಜಮ್ಮ ಎಂಬಾಕೆ ಬಂದಳು. ಮೂವತ್ತರ ಆಸುಪಾಸು, ಮಕ್ಕಳಿರಲಿಲ್ಲ. ಎಡಗೈಯ ಮೂರು ಬೆರಳು ಮುರಿದು, ಮಾಲೂರಿನಲ್ಲಿ ಎಕ್ಸ್‌-ರೇ ತೆಗೆದು ಕಟ್ಟಿದ್ದು ಕೂಡಿ, ಕಟ್ಟು ಬಿಚ್ಚಿಯಾಗಿತ್ತು. ಬೆರಳುಗಳು ಮಾತ್ರ ಒಣಗಿದ ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದವು. ಜೊತೆಯಲ್ಲಿ ಗಂಡ ಗಂಗಾಧರಾಚಾರಿ. ಅವರ ಊರಿನಲ್ಲಿ ಮನೆಮನೆಯಲ್ಲೂ ಕಲ್ಲಿನ ವಿಗ್ರಹ ಕೆತ್ತುತ್ತಾರೆ, ಇವನೂ ಶಿಲ್ಪಿ. ಅಚ್ಚುಕಟ್ಟಾದ ಮನುಷ್ಯ, ಮೆತ್ತಗಿನ ಮಾತು. ಪಾದಪೀಠಕ್ಕೆಂದು ತಂದ ಕಲ್ಲು ಜಾರಿ ಕೈಮೇಲೆ ಬಿತ್ತು ಎಂದು ಅವನೇ ಹೇಳಿದ. ಅವಳ ಸೆರಗು ಜಾರಿದರೆ ಅವನೇ ಸರಿಮಾಡುತ್ತಿದ್ದ, ನಾನು ಅವಳನ್ನು ಕೇಳಿದ ಪ್ರಶ್ನೆಗೂ ಅವನೇ ಉತ್ತರ ಕೊಡುತ್ತಿದ್ದ. ನಮ್ಮ ಆಯಾ ಅಂತೂ, ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವಳ ಮುಂದೆಯೇ ಹೇಳಿದಳು. ಸರೋಜಮ್ಮ ನೆಲ ನೋಡಿಕೊಂಡು ಕೂತಿದ್ದಳು.

ವಾರಕ್ಕೆ ಎರಡು ಸಲ ಬರುತ್ತಿದ್ದರು. ನನ್ನ ಕೈಯಲ್ಲಿ ಬೆರಳು ಚೆನ್ನಾಗಿ ಬಾಗುತ್ತಿತ್ತು. ಮುಂದಿನ ಸಲ ಬರುವಷ್ಟರಲ್ಲಿ ಮತ್ತೆ ಮರದ ತುಂಡು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಅವಳು ಮಾಡುತ್ತಿಲ್ಲ ಎನ್ನುವುದು ಸ್ಪಷ್ಟವಿತ್ತು. ಸೋಮಾರಿಯಂತೆ ಕಾಣಲಿಲ್ಲ, ನೋವು ತಾಳದವಳೂ ಅಲ್ಲ. ಇನ್ನೊಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ನಾನು ಅವಳೊಂದಿಗೆ ಸ್ವಲ್ಪ ನಕ್ಕು ಮಾತಾಡಿದರೂ ಗಂಗಾಧರಾಚಾರಿಯ ಮುಖ ಗಂಟಾಗುತ್ತಿತ್ತು. ಒಂದು ದಿನ, ಹೆಂಗಸರಿಬ್ಬರಿಗೂ ಅಷ್ಟೊಂದು ಮಾತು ಏನಿರುತ್ತೆ ಎಂದು ನಗುತ್ತಲೇ ಕೇಳಿದ.

ನಾನು ಎಕ್ಸ್‌-ರೇ ಹಿಡಿದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋದೆ. ಮಾತು ಕಡಿಮೆಯ ಹಿರಿಯರು ಅವರು. ಚಿತ್ರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಕಲ್ಲು ಬಿದ್ದರೆ ಮೂಳೆ ಜಜ್ಜಿ ಚೂರಾಗುತ್ತದೆ, ಚರ್ಮ ಹರಿಯುತ್ತದೆ, ಉಗುರು ಕಪ್ಪಾಗುತ್ತದೆ. ಇಲ್ಲಿ ಸೀಳು ಬಳ್ಳಿಯ ಹಾಗೆ ಮೂಳೆಯನ್ನು ಸುತ್ತಿಕೊಂಡು ಹೋಗಿತ್ತು. ಯಾರಾದರೂ ಹಿಡಿದು ತಿರುಚಿದರೆ ಮಾತ್ರ ಹೀಗಾಗುತ್ತದೆ ಎಂದರು. ಆಮೇಲೆ, ಅವಳನ್ನು ಒಬ್ಬಳನ್ನೇ ಕೇಳಿ, ಅವನನ್ನು ನಾನು ನೋಡಿಕೊಳ್ಳುತ್ತೇನೆ ಎಂದರು.

ಮುಂದಿನ ಸಲ ಅವರು ಗಂಗಾಧರಾಚಾರಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡು, ಮಾಲೂರು ಕಡೆಯ ಕಲ್ಲಿನ ಬಗ್ಗೆ, ದೇವರ ವಿಗ್ರಹಗಳ ಅಳತೆಯ ಬಗ್ಗೆ ಮಾತಿಗೆಳೆದರು. ನಮ್ಮಲ್ಲಿ ಮೇಣದ ಕೋಣೆ ಎಂದೊಂದಿತ್ತು. ಕಾಯಿಸಿದ ಮೇಣದಲ್ಲಿ ಕೈ ಅದ್ದಿಸಿ ಕೀಲು ಸಡಿಲಿಸುವ ಜಾಗ. ಸರೋಜಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಗಂಡ ಹೊಡೆದನೇ ಎಂದು ಕೇಳಲಿಲ್ಲ. ಈ ಗಾಯ ಕಲ್ಲಿನಿಂದ ಆದದ್ದಲ್ಲ ಎಂದು ನಮಗೆ ಗೊತ್ತಾಗಿದೆ, ನೀನು ಹೇಳಿದ್ದು ನಿನ್ನ ಒಪ್ಪಿಗೆಯಿಲ್ಲದೆ ಈ ಕೋಣೆ ದಾಟುವುದಿಲ್ಲ ಎಂದೆ. ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

“ವಾಸಿ ಮಾಡ್ಬೇಡಿ ಮೇಡಂ. ಈ ಕೈ ವಾಸಿ ಆದ್ರೆ ಮತ್ತೆ ಮುರೀತಾನೆ.”

ನಿಧಾನವಾಗಿ ಕತೆ ಹೊರಬಂತು. ಅವಳ ಅಪ್ಪನೂ ಶಿಲ್ಪಿ. ಗಂಡುಮಕ್ಕಳಿಲ್ಲದ್ದರಿಂದ ಕೆಲಸವನ್ನು ಇವಳಿಗೆ ಕಲಿಸಿ, ಸಾಯುವಾಗ ತನ್ನ ಉಳಿಗಳನ್ನು ಕೊಟ್ಟಿದ್ದ. ಮದುವೆಯಾದ ಮೇಲೆ ವಿಗ್ರಹದ ಮೈಕಟ್ಟು, ಪ್ರಭಾವಳಿ ಎಲ್ಲ ಗಂಡನ ಕೆತ್ತನೆ, ಮುಖ ಮಾತ್ರ ಇವಳದು. ಹೊರಗೆ ಯಾರಿಗೂ ಹೇಳಬಾರದೆಂಬ ಕಟ್ಟಳೆ. ಆದರೂ ಹೇಗೋ ಗೊತ್ತಾಯಿತು. ಶ್ರೀನಿವಾಸಪುರದ ಕಡೆಯಿಂದ ಚೌಡೇಶ್ವರಿ ವಿಗ್ರಹಕ್ಕೆ ಹೇಳಲು ಬಂದ ಹಿರಿಯರೊಬ್ಬರು, ಮುಖ ಮಾಡೋ ಅಮ್ಮನ್ನ ಕರೀರಿ ಎಂದು ಕೇಳಿ, ಕೆಲಸ ಒಪ್ಪಿಸುವ ವೀಳ್ಯವನ್ನು ಗಂಡನ ಕೈಗೆ ಕೊಡದೆ ಇವಳ ಕೈಗೆ ಕೊಟ್ಟುಬಿಟ್ಟರು. ಗಂಗಾಧರಾಚಾರಿ ನಗುನಗುತ್ತಾ ಅವರಿಗೆ ಕಾಫಿ ಕೊಟ್ಟ, ಬಸ್ಸಿನವರೆಗೆ ಹೋಗಿ ಬೀಳ್ಕೊಟ್ಟ. ವಾಪಸು ಬಂದವನು ಕದ ಹಾಕಿ, ಅವಳ ಎಡಗೈ ಹಿಡಿದ.

“ಎಲ್ರೂ ಎಡಗೈ ತಾನೆ, ಬಲಗೈ ಉಳೀತಲ್ಲ ಅಂತಾರೆ,” ಎಂದಳು. “ಸುತ್ತಿಗೆ ಹಿಡಿಯೋದು ಬಲಗೈ. ಉಳಿ ಎಲ್ಲಿ ನಿಲ್ಬೇಕು ಅಂತ ಗೊತ್ತಿರೋದು ಎಡಗೈಗೆ. ಅದು ಅವನಿಗೆ ಗೊತ್ತು.”

ಮೊದಲೂ ಹೊಡೆತಗಳಿದ್ದವು. ಯಾರಾದರೂ ಇವಳ ಕೆಲಸ ಹೊಗಳಿದ ದಿನವೇ ಬೀಳುತ್ತಿದ್ದವಂತೆ. ಹಾಗಾಗಿ ಹೊಗಳಿಕೆ ಕೇಳಿದರೆ ಇವಳ ಕಣ್ಣು ಮೊದಲು ಬಾಗಿಲ ಕಡೆ ಹೋಗುತ್ತಿತ್ತು. ನಿನಗೇನು ಬೇಕು ಎಂದು ಕೇಳಿದೆ. ತಡಮಾಡದೆ, ನಮ್ಮಪ್ಪನ ಉಳಿಗಳು ಬೇಕು, ಅಕ್ಕನ ಮನೆಗೆ ಹೋಗಬೇಕು ಎಂದಳು. ಅಕ್ಕ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿದ್ದಳು, ಭಾವ ಅಲ್ಲಿ ಶಾಲಾ ಮೇಷ್ಟ್ರು.

ಅವಳ ಒಪ್ಪಿಗೆ ಪಡೆದು ಡಾಕ್ಟರೂ ನಾನೂ ಸಬ್‌ಇನ್ಸ್‌ಪೆಕ್ಟರ್ ಒಬ್ಬರನ್ನು ಕಂಡೆವು. ಹೆಂಡತಿಯ ಮೇಲಿನ ಕ್ರೌರ್ಯವೇ ಅಪರಾಧ ಎನ್ನುವ ಕಲಮು ಆಗಷ್ಟೇ ಕಾನೂನಿಗೆ ಸೇರಿತ್ತು. ನಾವು ಅವನನ್ನು ಹಿಡಿದು ಒಳಗೆ ಹಾಕಿ ಎಂದೆವು. ಅವರು ಪೂರ್ತಿ ಕೇಳಿಸಿಕೊಂಡು, “ಹಿಡಿಯೋದು ಕಷ್ಟ ಅಲ್ಲ. ಜಾಮೀನಿನ ಮೇಲೆ ಬಂದ ದಿನ ಆಯಮ್ಮ ಎಲ್ಲಿರ್ತಾರೆ? ಅದನ್ನ ಮೊದಲು ಹೇಳಿ,” ಎಂದರು.

ಆ ಪ್ರಶ್ನೆ ಹಿಡಿದುಕೊಂಡು ಭಾನುವಾರ ಬಸ್ಸು ಹತ್ತಿ ದೇವರಾಯಸಮುದ್ರಕ್ಕೆ ಹೋದೆ. ಮೇಷ್ಟ್ರು ಒಳ್ಳೆಯವರೇ, ಆದರೆ ಹಿಂದೆಮುಂದೆ ನೋಡಿದರು. ಗಂಡನ ಮನೆ ಬಿಟ್ಟವಳನ್ನು ಇಟ್ಟುಕೊಂಡರೆ ಊರವರು ಏನೆನ್ನುತ್ತಾರೆ, ಸ್ವಲ್ಪ ಹೊಂದಿಕೊಂಡು ಹೋಗಬಾರದೇ ಎಂದು ತೆಲುಗು ಬೆರೆಸಿ ಎಳೆದೆಳೆದು ಮಾತಾಡಿದರು. ಅಕ್ಕ ಲಕ್ಷ್ಮೀದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಂಗಿಯ ಬೆರಳಿಗೆ ಆದದ್ದು ಆಕೆಗೆ ಅವತ್ತೇ ತಿಳಿದದ್ದು. “ನಿಮ್ಮ ಊರವರಿಗೆ ನಾನು ಹೇಳ್ಕೊಂತೀನಿ. ಅವಳು ಇಲ್ಲಿಗೆ ಬರ್ತಾಳೆ,” ಎಂದಳು. ಕರೆದುಕೊಂಡು ಹೋಗಲು ಯಾವತ್ತು ಬರಬೇಕು ಎಂದು ಮೇಷ್ಟ್ರು ನನ್ನನ್ನು ಕೇಳಿದರು.

ಆ ದಿನಗಳಲ್ಲಿ ಈ ವಿಷಯ ನನ್ನ ಮನೆಗೂ ಬಂತು, ಹೆಸರು ಊರು ಬಿಟ್ಟು. ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಒಂದು ಮದುವೆಮನೆಯಲ್ಲಿ ಯಾರೋ ಅವರನ್ನು ‘ಕಸರತ್ತು ಮೇಡಂ ಯಜಮಾನ್ರು’ ಎಂದು ಪರಿಚಯಿಸಿದ್ದರು. ಅವತ್ತು ಸಂಜೆಯವರೆಗೂ ಅವರ ಮುಖ ಸಪ್ಪಗಿತ್ತು. ಈಗ ಎಲ್ಲ ಕೇಳಿ, “ನನಗೂ ಅವತ್ತು ಉರಿದಿತ್ತು ಕಣೇ. ಒಂದು ಸುತ್ತು ನಡೆದು ಬಂದೆ, ಆರಿಹೋಯ್ತು,” ಎಂದರು. ಹೊಟ್ಟೆಕಿಚ್ಚು ರಾಕ್ಷಸರಿಗೆ ಮಾತ್ರ ಬರುವ ರೋಗವಲ್ಲ. ಅದನ್ನು ಹೊತ್ತು ನಡೆದು ಬರುವವರಿದ್ದಾರೆ, ಇನ್ನೊಬ್ಬರ ಮೈಮೇಲೆ ಆರಿಸಿಕೊಳ್ಳುವವರೂ ಇದ್ದಾರೆ.

ಗೊತ್ತುಮಾಡಿದ ದಿನ ಸರೋಜಮ್ಮ ಎಂದಿನಂತೆ ಗಂಡನ ಜೊತೆ ಚಿಕಿತ್ಸೆಗೆ ಬಂದಳು, ಅವನು ಹೊರಗೆ ಕೂತ. ಮೇಣದ ಕೋಣೆಗೆ ಇನ್ನೊಂದು ಬಾಗಿಲಿತ್ತು. ಅಕ್ಕ, ಭಾವ ಅಲ್ಲಿ ಕಾದಿದ್ದು ಅವಳನ್ನು ಮುಳಬಾಗಿಲಿನ ಬಸ್ಸಿಗೆ ಕರೆದೊಯ್ದರು. ಅವಳು ಬಿಟ್ಟುಹೋಗುವ ಗಳಿಗೆಯೇ ಎಲ್ಲಕ್ಕಿಂತ ಅಪಾಯದ್ದು ಎಂದು ಸಬ್‌ಇನ್ಸ್‌ಪೆಕ್ಟರ್ ಎಚ್ಚರಿಸಿದ್ದರು. ಬಸ್ಸು ಹೊರಟಿತೆಂದು ತಿಳಿದ ಮೇಲೆ ಅವರೇ ಬಂದು ಗಂಗಾಧರಾಚಾರಿಯ ಪಕ್ಕದಲ್ಲಿ ಕೂತು ವಿಷಯ ಹೇಳಿದರು. ಅವನು ಕೂಗಾಡಲಿಲ್ಲ. ನನ್ನ ಕಡೆ ತಿರುಗಿದ. ಮೊದಲ ಸಲ ಆ ಮುಖದಲ್ಲಿ ನಗು ಇರಲಿಲ್ಲ.

“ನನ್ನ ಮನೆಗೆ ಬಂದೋರು, ನನ್ನೆದುರಿಗೇ, ಅವಳನ್ನ ಕರೀರಿ ಅಂತಾರೆ. ಮೂರು ತಲೆಮಾರಿನ ಕಸುಬು ಮೇಡಂ ನಮ್ದು. ನೀವಾಗಿದ್ರೆ ಸುಮ್ನಿರ್ತಿದ್ರಾ?”

ಅವನ ಕಣ್ಣಲ್ಲಿ ನೀರಿತ್ತು, ಸುಳ್ಳಿನ ನೀರಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. “ನಿಮ್ಮ ಹೊಟ್ಟೆ ಉರಿದದ್ದು ನಿಜ ಇರಬಹುದು. ಬೆರಳು ಅವಳದು,” ಎಂದೆ.

ಮಾರನೆಯ ದಿನ ಹಾಡಹಗಲಲ್ಲಿ ಸಬ್‌ಇನ್ಸ್‌ಪೆಕ್ಟರ್ ಶಿವಾರಪಟ್ಟಣಕ್ಕೆ ಹೋಗಿ ಉಳಿಗಳ ಗಂಟನ್ನು ತಂದುಕೊಟ್ಟರು. ಅದನ್ನು ಬಿಚ್ಚಿ, ಒಂದೊಂದನ್ನೂ ಮುಟ್ಟಿ ನೋಡಿದ ಮೇಲೆಯೇ ಸರೋಜಮ್ಮ ದೂರು ಕೊಡಲು ಒಪ್ಪಿದ್ದು. ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಕಲ್ಲು ಜಾರಿತು ಎಂಬ ವಾದಕ್ಕೆ ನಮ್ಮ ಡಾಕ್ಟರು ಎಕ್ಸ್‌-ರೇ ಹಿಡಿದು, ನ್ಯಾಯಾಧೀಶರಿಗೆ ಅರ್ಥವಾಗುವ ಸರಳ ಮಾತಿನಲ್ಲಿ ಉತ್ತರ ಕೊಟ್ಟರು. ಶಿಕ್ಷೆ ಚಿಕ್ಕದೇ ಆಯಿತು. ಬಿಡುಗಡೆಯಾಗಿ ಬಂದವನು ಮತ್ತೆ ಕೆತ್ತತೊಡಗಿದನಂತೆ. ದೇವರಾಯಸಮುದ್ರದ ಕಡೆ ಮಾತ್ರ ತಲೆ ಹಾಕಲಿಲ್ಲ.

ಸರೋಜಮ್ಮ ಮುಳಬಾಗಿಲಿನಿಂದ ಒಬ್ಬಳೇ ಬಸ್ಸಿನಲ್ಲಿ ಚಿಕಿತ್ಸೆಗೆ ಬರತೊಡಗಿದಳು. ಹಟ ಹಿಡಿದು ವ್ಯಾಯಾಮ ಮಾಡಿದಳು. ತಿಂಗಳುಗಟ್ಟಲೆ ಮತ್ತೆ ಮತ್ತೆ ಬಿಗಿದುಕೊಂಡಿದ್ದ ಬೆರಳುಗಳು ಕೆಲವೇ ವಾರದಲ್ಲಿ ತಾವಾಗಿಯೇ ಬಾಗಿದವು. ಉಂಗುರದ ಬೆರಳು ಮಾತ್ರ ಕೊನೆಗೂ ಪೂರ್ತಿ ಮಡಚಲಿಲ್ಲ. ಅದಕ್ಕೆ ತಕ್ಕಂತೆ ಉಳಿ ಹಿಡಿಯುವ ಬಗೆಯನ್ನೇ ಬದಲಿಸಿಕೊಂಡಳು. ಅಕ್ಕನ ಹಿತ್ತಿಲಲ್ಲಿ ಚಪ್ಪರ ಹಾಕಿಕೊಂಡು ನಾಗರಕಲ್ಲುಗಳಿಂದ ಶುರುಮಾಡಿದಳು. ಯಾರಾದರೂ ಚೆನ್ನಾಗಿದೆ ಎಂದರೆ ಬಾಗಿಲ ಕಡೆ ನೋಡುವ ಅಭ್ಯಾಸ ಹೋಗಲು ಮಾತ್ರ ಬಹಳ ಕಾಲ ಹಿಡಿಯಿತು ಎಂದು ಲಕ್ಷ್ಮೀದೇವಿ ಹೇಳಿದ್ದಳು.

ನಿವೃತ್ತಿಯವರೆಗೂ ಎಷ್ಟೋ ಹೆಂಗಸರ ಭುಜ, ಮಣಿಕಟ್ಟು, ಬೆರಳು ನನ್ನ ಕೈಯಲ್ಲಿ ಹಾದುಹೋದವು. ವ್ಯಾಯಾಮ ಯಾಕೆ ಮಾಡಲಿಲ್ಲ ಎಂದು ಗದರಿಸುವ ಮುಂಚೆ, ವಾಸಿಯಾದರೆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳುವುದನ್ನು ರೂಢಿಸಿಕೊಂಡೆ. ಜೊತೆಗೆ ಬಂದವರನ್ನು, ಎಷ್ಟೇ ಒಳ್ಳೆಯವರಾಗಿ ಕಂಡರೂ, ಸ್ವಲ್ಪ ಹೊತ್ತು ಹೊರಗೆ ಕೂರಿಸುತ್ತಿದ್ದೆ. ಡಾಕ್ಟರು, ಪೊಲೀಸರು, ಲಕ್ಷ್ಮೀದೇವಿ, ಮೇಷ್ಟ್ರು, ನಾನು, ಯಾರೊಬ್ಬರೇ ಆಗಿದ್ದರೂ ಸರೋಜಮ್ಮನನ್ನು ಉಳಿಸಲಾಗುತ್ತಿರಲಿಲ್ಲ. ಆ ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಹೇಳುವುದಿಲ್ಲ. ಏನಿಲ್ಲ ಮೇಡಂ ಎಂದು ಎದ್ದುಹೋದವರೂ ಇದ್ದಾರೆ. ಅಂಥವರು ಬಾಗಿಲು ದಾಟುವಾಗ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಮುಂದಿನ ಸಲವೂ ಕೇಳ್ತೀನಿ.