ಕಸ್ತೂರೆಮ್ಮ ತೂಗಿ ಕೂಡಿಸುವ ಸೀಟು

ಬೆಳಗಿನ ಐದೂವರೆ. ಹನುಮಸಾಗರದ ಹೊರಗಿನ ತಗಡಿನ ಶೆಡ್ಡಿನಲ್ಲಿ ಕಸ್ತೂರೆಮ್ಮ ಮತ್ತು ಅವರ ಗಂಡ ಪಕ್ಕೀರಪ್ಪ ಒಂದು ಜೋಳದ ಚೀಲವನ್ನು ಎತ್ತಿ ಜೀಪಿನ ಚಾಲಕನ ಸೀಟಿನ ಮೇಲೆ ಕೂಡಿಸುತ್ತಾರೆ. ಚೀಲ ವಾಲದಂತೆ ಟವೆಲಿನಿಂದ ಕಟ್ಟುತ್ತಾರೆ. ಆಮೇಲೆ ಕಸ್ತೂರೆಮ್ಮ ಬಗ್ಗಿ ಸೀಟಿನ ಕೆಳಗಿನ ತಿರುಪನ್ನು ಅರ್ಧ ಸುತ್ತು ತಿರುಗಿಸಿ, ಸೀಟು ಎಷ್ಟು ಕುಸಿಯಿತೆಂದು ಬೆರಳಿಟ್ಟು ನೋಡುತ್ತಾರೆ. ನಾಲ್ಕು ಬೆರಳು. ಸರಿಯಾಗಿದೆ.

“ಇಂವ ಹೊಳಿಯಪ್ಪಣ್ಣ,” ಎಂದು ಕೆಲಸ ನೋಡಲು ಬಂದ ನನಗೆ ಹೇಳುತ್ತ ಚೀಲದ ಬೆನ್ನು ತಟ್ಟುತ್ತಾರೆ. “ಖರೇ ಹೊಳಿಯಪ್ಪಣ್ಣ ಈಗ ಬರ್ತಾನ. ಅವನಕಿಂತ ಇಂವ ಛಲೋ ನೋಡು ತಂಗಿ. ಬೀಡಿ ಸೇದಂಗಿಲ್ಲ, ಅವಸರ ಮಾಡಂಗಿಲ್ಲ.”

ನಲವತ್ತೆಂಟರ ಕಸ್ತೂರೆಮ್ಮನವರ ಕೆಲಸ ಹಳೇ ಜೀಪುಗಳ ಸೀಟನ್ನು ಅದಲುಬದಲು ಮಾಡುವುದು. ಹಿಂದಿನ ಕೆಲವು ಗಿಡ್ಡ ಜೀಪುಗಳಲ್ಲಿ ಚಾಲಕನ ಸೀಟಿನ ಕೆಳಗೆ ಸ್ಪ್ರಿಂಗ್ ಇರುತ್ತಿತ್ತು. ಕುಳಿತವರ ತೂಕ ನೋಡಿ ಅದನ್ನು ಬಿಗಿ ಮಾಡಬಹುದು, ಸಡಿಲಿಸಬಹುದು. ಜನರನ್ನು ಹೊರುವ ಉದ್ದ ಜೀಪಿಗೆ ಮಾತ್ರ ಹಲಗೆಯಂಥ ಸೀಟು. ಗಿಡ್ಡವೆಲ್ಲ ಈಗ ಹೊಲದ ಮನೆಗಳಲ್ಲಿ ಸುಮ್ಮನೆ ನಿಂತಿವೆ, ಉದ್ದನೆಯವು ಇನ್ನೂ ಓಡುತ್ತಿವೆ. “ನಿಂತ ಗಾಡಿಗೆ ಮೆತ್ತನ ಸೀಟು, ಓಡೋ ಗಾಡಿಗೆ ಹಲಗಿ. ಇದ್ಯಾವ ನ್ಯಾಯ?” ಎನ್ನುತ್ತಾರೆ ಕಸ್ತೂರೆಮ್ಮ.

ಎರಡೂ ಬಗೆಯ ಜೀಪಿನ ಮುಖ ಒಂದೇ, ಆದರೆ ಬೋಲ್ಟಿನ ತೂತುಗಳು ಎರಡು ಬೆರಳು ಆಚೀಚೆ. ಸ್ಪ್ರಿಂಗ್ ಸೀಟು ಎತ್ತರವಾದ್ದರಿಂದ ಹಾಗೇ ಕೂಡಿಸಿದರೆ ತಲೆ ಮೇಲಿನ ತಾಡಪತ್ರಿಗೆ ತಾಗುತ್ತದೆ. ಪಕ್ಕೀರಪ್ಪ ಅಡಿಯ ಕಬ್ಬಿಣ ಕತ್ತರಿಸಿ ವೆಲ್ಡಿಂಗ್ ಮಾಡುತ್ತಾರೆ. ಉಳಿದದ್ದೆಲ್ಲ ಕಸ್ತೂರೆಮ್ಮನವರದು. ಯಲಬುರ್ಗಾ ಕಡೆಯ ಮಂಗಳೂರಿನ ತವರಿನಲ್ಲಿ ಕೌದಿ ಹೊಲಿಯುತ್ತಿದ್ದವರು, ಮದುವೆಯಾಗಿ ಬಂದು ಸೀಟಿನ ಕವರು ಹೊಲಿದರು. ಒಂದು ದಿನ ಕವರಿನೊಳಗೆ ಏನಿದೆಯೆಂದು ಬಿಚ್ಚಿ ನೋಡಿದವರು ಆ ಕೆಲಸದಲ್ಲೇ ನಿಂತುಬಿಟ್ಟರು. ಹದಿನಾರು ವರ್ಷವಾಯಿತು. ಈಗ ತಿಂಗಳಿಗೆ ನಾಲ್ಕೈದು ಸೀಟು, ಕನಕಗಿರಿ ಕಡೆಯ ಹುಲಿಹೈದರದಿಂದಲೂ ಬರುತ್ತವೆ.

“ಬಂದವರು ಇವತ್ತಿಗೂ ‘ಮಿಸ್ತ್ರಿ ಎಲ್ಲದಾರ?’ ಅಂತ ನನ್ನ ಕೇಳ್ತಾರ್ರಿ,” ಎಂದು ಪಕ್ಕೀರಪ್ಪ ನಗುತ್ತಾರೆ. “ನಾ ಆಕಿ ಕಡೆ ಕೈ ಮಾಡ್ತೀನಿ.”

ಹಳೇ ತಿರುಪುಗಳ ಮೇಲಿನ ಅಂಕಿಗಳು ಅಳಿಸಿಹೋಗಿವೆ. ಅದಕ್ಕೇ ಈ ಚೀಲ. ಚಾಲಕನನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿ, ಅಷ್ಟೇ ತೂಕದ ಜೋಳ ತುಂಬಿ, ಅದನ್ನು ಸೀಟಿನ ಮೇಲಿಟ್ಟು ಸ್ಪ್ರಿಂಗ್ ಹೊಂದಿಸುತ್ತಾರೆ. “ಗಂಡಸರು ಹೊಟ್ಟಿ ಒಳಗ ಎಳಕೊಂಡು ನಿಂದ್ರತಾರ. ಕಾಟಾಕ್ಕ ಗೊತ್ತಾಗಂಗಿಲ್ಲನು?” ಸೊಂಟ ನೋಯುವುದಿಲ್ಲ ಎಂದು ಚಾಲಕ ಬಂದು ಹೇಳುವವರೆಗೆ ಆ ಚೀಲವನ್ನು ಅವರು ಬಿಚ್ಚುವುದಿಲ್ಲ.

ಹೊಳಿಯಪ್ಪನ ಚೀಲ ಹತ್ತು ದಿನದಿಂದ ಶೆಡ್ಡಿನ ಮೂಲೆಯಲ್ಲಿತ್ತು. “ಮನ್ಯಾಗಿರೋ ಜೋಳ ಅದೊಂದ,” ಎನ್ನುತ್ತಾರೆ ಪಕ್ಕೀರಪ್ಪ. “ಹತ್ತು ದಿನದಿಂದ ಅನ್ನ ಉಂಡು ಸಾಕಾಗೈತಿ.”

ಐವತ್ತಾರರ ಹೊಳಿಯಪ್ಪ ದಿನಾ ಬೆಳಗ್ಗೆ ಹದಿನೆಂಟು ಹೆಣ್ಣುಮಕ್ಕಳನ್ನು ಕುಷ್ಟಗಿ ಹಾದಿಯ ಬೀಜದ ತೋಟಕ್ಕೆ ಒಯ್ಯುತ್ತಾನೆ. ಮೆಣಸಿನಕಾಯಿ ಗಿಡದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ ಬಿಸಿಲೇರುವ ಮೊದಲೇ ಶುರುವಾಗಬೇಕು, ಆ ಹೊತ್ತಿಗೆ ಅತ್ತ ಬಸ್ಸಿಲ್ಲ. ಸೊಂಟ ಹೀಗೇ ನೋಯುತ್ತಿದ್ದರೆ ಸ್ಟೇರಿಂಗ್ ಬಿಡಬೇಕೆಂದು ಡಾಕ್ಟರು ಹೇಳಿದ್ದಾರೆ. “ನಾ ಬಿಟ್ಟರ ಹದಿನೆಂಟು ಮಂದೀನೂ ಮನ್ಯಾಗ ಕುಂದ್ರಬೇಕು,” ಎಂದು ಅವನು ಬಂದಾಗ, ಕಸ್ತೂರೆಮ್ಮ ಗಾಳೇಶ ಎಂಬ ರೈತನ ಗಿಡ್ಡ ಜೀಪಿನ ಸೀಟು ತಂದು ಇವನ ಜೀಪಿಗೆ ಕೂಡಿಸಿ, ಇವನದನ್ನು ಅದಕ್ಕೆ ಹಾಕಿದರು.

ಮೂರೇ ದಿನಕ್ಕೆ ಹೊಳಿಯಪ್ಪ ಸೊಂಟ ಹಿಡಿದುಕೊಂಡು ವಾಪಸು ಬಂದ. ಪ್ರತಿ ತಗ್ಗಿಗೂ ಸೀಟು ತಳಕ್ಕೆ ಬಡಿಯುತ್ತಿತ್ತಂತೆ. ಬೋಲ್ಟು, ಸ್ಪ್ರಿಂಗು ನೋಡಿದರು. ಚೀಲ ಇಟ್ಟು ನೋಡಿದರೆ ಅದೇ ನಾಲ್ಕು ಬೆರಳು. ಕೊನೆಗೆ ನಿನ್ನೆ ಬೆಳಗ್ಗೆ ಕಸ್ತೂರೆಮ್ಮ ಜೀಪು ಹೊರಡುವಲ್ಲಿಗೇ ಹೋಗಿ ನಿಂತರು. ಕೂಲಿಯ ಗುಂಪಿನ ಹಿರಿಯಳು ದುರಗಮ್ಮ ಬಂದು, ಚಾಲಕನ ಸೀಟಿನ ಅರ್ಧಕ್ಕೆ ಕುಳಿತಳು.

“ಕಾಟಾದ ಮ್ಯಾಲೆ ಒಬ್ಬನ್ನ ನಿಂದ್ರಿಸಿದೆ, ಸೀಟಿನ ಮ್ಯಾಲೆ ಒಂದೂವರೆ ಮಂದಿ! ತಪ್ಪು ನಂದ. ನಮ್ಮ ಕಡೆ ಡ್ರೈವರ್ ಒಬ್ಬನ ಕುಂದ್ರತಾನ ಅನಕೊಂಡೆನಲ್ಲ, ನಾ ಯಾವೂರಾಕಿ?”

ಇಬ್ಬರ ತೂಕಕ್ಕೆ ಬಿಗಿ ಮಾಡಿದರೆ ಬರುವಾಗ ಒಬ್ಬನೇ ಇರುವ ಹೊಳಿಯಪ್ಪನಿಗೆ ಸೀಟು ಕಲ್ಲಾಗುತ್ತದೆ. ದುರಗಮ್ಮನಿಗೆ ಏಳು ಎನ್ನುವ ಧೈರ್ಯ ಅವನಿಗಿಲ್ಲ. ಕಸ್ತೂರೆಮ್ಮ ನಿನ್ನೆಯೆಲ್ಲ ಕೂತು, ಎರಡು ಸೀಟುಗಳ ನಡುವಿನ ಪೆಟ್ಟಿಗೆಗೆ ಕೌದಿಯ ಹೊಲಿಗೆಯ ದಪ್ಪ ಗಾದಿ ಮಾಡಿದ್ದಾರೆ.

ಇವತ್ತು ಚೀಲ ಇಳಿಸುವಷ್ಟರಲ್ಲಿ ಹೊಳಿಯಪ್ಪ, ದುರಗಮ್ಮ, ಉಳಿದ ಹೆಣ್ಣುಮಕ್ಕಳೆಲ್ಲ ಶೆಡ್ಡಿಗೆ ಬರುತ್ತಾರೆ.

“ಅಕ್ಕ, ಇದು ನಿಂದು,” ಎಂದು ಕಸ್ತೂರೆಮ್ಮ ಗಾದಿ ತೋರಿಸುತ್ತಾರೆ.

“ಹನ್ನೊಂದು ವರ್ಷದಿಂದ ಅಲ್ಲೇ ಕುಂತೀನಿ. ಈಗ ನಾ ಭಾರ ಆದೆನು?”

“ನೀ ಭಾರಲ್ಲಬೇ, ಅವನ ಸೊಂಟ ಹಗುರ. ಅಂವ ಮಲಗಿದರ ನೀ ಹೊಡಿತೀ ಏನು ಗಾಡಿ?”

ಹಿಂದೆ ಕುಳಿತವರೆಲ್ಲ ನಗುತ್ತಾರೆ. ದುರಗಮ್ಮ ಗಾದಿಯನ್ನು ಎರಡು ಸಲ ಒತ್ತಿ ನೋಡಿ, ಸೆರಗು ಸಿಕ್ಕಿಸಿ, ಕುಳಿತುಕೊಳ್ಳುತ್ತಾಳೆ.

ಏಳೂವರೆಗೆ ಖಾಲಿ ಜೀಪು ವಾಪಸು ಬಂದು ಶೆಡ್ಡಿನ ಮುಂದೆ ನಿಲ್ಲುತ್ತದೆ. ಕಸ್ತೂರೆಮ್ಮ ಬೋಲ್ಟು ತಿರುಗಿಸುವ ಪಾನಾ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಇಳಿಯುವಾಗ ಮೇಲಿನ ಸರಳು ಹಿಡಿದು ಉಸಿರು ಕಟ್ಟಿ ನಿಲ್ಲುವುದು ಹೊಳಿಯಪ್ಪನ ರೂಢಿ. ಇವತ್ತು ಸುಮ್ಮನೆ ಇಳಿದು, ಬೀಡಿ ಹಚ್ಚಿಕೊಂಡು ಬರುತ್ತಾನೆ.

“ದುರಗಮ್ಮಕ್ಕ ಅರ್ಧ ಹಾದಿಗೇ ನಿದ್ದಿ ಹೋದ್ಲವ್ವ,” ಎನ್ನುತ್ತಾನೆ.

“ಆಕಿ ಸುದ್ದಿ ಇರಲಿ. ನಿನ್ನ ಸೊಂಟ?”

ಹೊಳಿಯಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಾನೆ. “ಅದರ ನೆನಪ ಆಗಲಿಲ್ಲ ನೋಡು.”

ಕಸ್ತೂರೆಮ್ಮ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ಮೂಲೆಯ ಚೀಲದ ದಾರ ಬಿಚ್ಚುತ್ತಾರೆ.

“ಮಧ್ಯಾಹ್ನ ಉಂಡ ಹೋಗು ತಂಗಿ,” ಎಂದು ನನಗೆ ಹೇಳುತ್ತಾರೆ. “ಇವತ್ತ ನಮ್ಮ ಮನ್ಯಾಗ ರೊಟ್ಟಿ.”