ತಗೊಂಡೆ ಅನ್ನುವ ತನಕ

ಹೈದರಾಬಾದಿನ ಮಾದಾಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಿಶುಪಾಲನಾ ಕೇಂದ್ರವೊಂದರ ಗೇಟಿನಲ್ಲಿ ಗೋದಾವರಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಬೆಳಗಿನ ಪಾಳಿಗೆ ಓಡುತ್ತಿರುವ ತಾಯಿಯೊಬ್ಬಳು ನಿದ್ದೆಗಣ್ಣಿನ ಮಗುವನ್ನು ತನ್ನ ಹೆಗಲಿನಿಂದ ಅವರ ಹೆಗಲಿಗೆ ದಾಟಿಸುತ್ತಾಳೆ. ಗೋದಾವರಿ ಎರಡೂ ಕೈಯಿಂದ ಅಪ್ಪಿಕೊಂಡು, ಗಟ್ಟಿಯಾಗಿ “ತಗೊಂಡೆ” ಎನ್ನುತ್ತಾರೆ. ಆಮೇಲೆಯೇ ತಾಯಿ ಕೈ ಬಿಡುತ್ತಾಳೆ.

ಈ ರೂಢಿ ಗೋದಾವರಿಯದೇ. ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ಗಂಡ ಚಂದ್ರಾಮನಿಗೆ ಬಾಲಾನಗರದ ಲೇತ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಜೊತೆಗೆ ಬಂದವರು. ಗಂಡನ ಬೆನ್ನು ಕೈಕೊಟ್ಟ ಮೇಲೆ ಮನೆ ನಡೆಯುತ್ತಿರುವುದು ಈ ಆಯಾ ಕೆಲಸದಿಂದ.

“ನಮ್ಮ ಕಡಿ ಹೆಸರಿಡೂ ದಿನ ಕೂಸಿನ್ನ ತೊಟ್ಟಿಲದ ಮ್ಯಾಲಿಂದ ಒಬ್ಬಾಕಿ ಕೊಡ್ತಾಳ, ಕೆಳಗಿಂದ ಇನ್ನೊಬ್ಬಾಕಿ ತಗೋತಾಳ್ರಿ. ತಗೊಂಡೆ ಅನ್ನೂತನಾ ಕೈ ಬಿಡಂಗಿಲ್ಲ. ಇಲ್ಲೂ ಅಷ್ಟ. ಎರಡೂ ಕೈ ಖಾಲಿ ಇರಬೇಕು, ಬಾಯಿಂದ ಅನ್ನಬೇಕು.”

ಕೇಂದ್ರದಲ್ಲಿ ಹದಿನಾಲ್ಕು ಮಕ್ಕಳು. ಹಾಲು, ಗಂಜಿ, ಒದ್ದೆ ಚಡ್ಡಿ, ಅಳು, ಮತ್ತೆ ಹಾಲು. ಆಟಕ್ಕೆ ಮರದ ಇಟ್ಟಿಗೆ ಕೊಟ್ಟರೆ ಮನೆ ಕಟ್ಟುವವರು ಕಡಿಮೆ. ಅದನ್ನೇ ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಾ “ಒನ್ ಮಿನಿಟ್” ಎನ್ನುವವರೇ ಹೆಚ್ಚು. ಮನೆಯೇ ಮೊದಲ ಪಾಠಶಾಲೆ ಎಂಬುದು ಸುಳ್ಳಲ್ಲ ನೋಡಿ!

ಇ-ಮೇಲ್ ಎಂಬುದು ಆಫೀಸಿನ ಮೇಜು ಬಿಟ್ಟು ಈಗ ಅಂಗೈಗೇ ಬಂದಿದೆ. ಸಂಜೆ ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರ ಒಂದು ಕೈಯಲ್ಲಿ ಫೋನು ಮಿನುಗುತ್ತಿರುತ್ತದೆ, ಇನ್ನೊಂದು ಕೈ ಮಗುವಿಗೆ ಚಾಚಿರುತ್ತದೆ. ಗೋದಾವರಿ ಕಾಯುತ್ತಾರೆ. ಹೆಚ್ಚಿನವರು ನಕ್ಕು ಫೋನನ್ನು ಜೇಬಿಗೆ ಹಾಕಿ “ತಗೊಂಡೆ” ಎನ್ನುತ್ತಾರೆ. ತೆಲುಗಿನವರು “ತೀಸುಕುನ್ನಾ” ಎಂದರೂ ನಡೆಯುತ್ತದೆ.

ಹುಬ್ಬಳ್ಳಿಯ ವಿಶ್ವಜಿತ್‌ಗೆ ಮಾತ್ರ ಇದು ಸರಿಬರಲಿಲ್ಲ. ಎರಡೂವರೆ ವರ್ಷದ ಮಧುರಾಳ ತಂದೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರ್. “ನಾ ಬೇಕಂತ ಮಾಡ್ತೀನೇನ್ರಿ? ನಾ ಮನಿಗೆ ಹೊಂಟಾಗ ಅಮೆರಿಕಾದಾಗ ಬೆಳಗಾಗ್ತೈತಿ. ಮೇಲ್ ನೋಡ್ಲಿಲ್ಲಂದ್ರ ಎದಿ ಢವಢವ ಅಂತೈತಿ” ಎನ್ನುತ್ತಾರೆ. ಆಯಾ ತನ್ನನ್ನು ಗೇಟಿನಲ್ಲಿ ನಿಲ್ಲಿಸಿಕೊಂಡು ಪಾಠ ಹೇಳುತ್ತಾಳೆಂದು ಅವರು ಕೇಂದ್ರದ ಒಡತಿ ನಲಿನಿಗೆ ದೂರು ಕೊಟ್ಟರು. ಇನ್ನೊಂದು ದೂರು ಬಂದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ನಲಿನಿ ಹೇಳಿಬಿಟ್ಟರು.

ಗೋದಾವರಿ ಆ ರಾತ್ರಿ ಲೆಕ್ಕ ಹಾಕಿದರು. ಚಂದ್ರಾಮನ ಔಷಧ, ಮನೆಯ ಒಲೆ, ಎಲ್ಲವೂ ಈ ಒಂದು ಗೇಟಿಗೆ ಕಟ್ಟಿಕೊಂಡಿವೆ. ಹೊಟ್ಟೆಪಾಡಿನ ಮುಂದೆ ರೂಢಿ ಎಷ್ಟರದು ಎಂದು ತಮಗೆ ತಾವೇ ಹೇಳಿಕೊಂಡರು.

ಮರುದಿನ ಸಂಜೆ ವಿಶ್ವಜಿತ್ ಬರುತ್ತಾರೆ. ಕಣ್ಣು ಫೋನಿನ ಮೇಲೆ, ಒಂದು ಕೈ ಮುಂದೆ. ನಲಿನಿ ಬಾಗಿಲಲ್ಲೇ ನಿಂತಿದ್ದಾರೆ. ಗೋದಾವರಿ ಈ ಸಲ ತುಟಿ ಬಿಚ್ಚುವುದಿಲ್ಲ. ಮಗುವನ್ನು ಆ ಒಂದೇ ಕೈಗೆ ಒಪ್ಪಿಸಿ, ತಲೆ ತಗ್ಗಿಸಿ ಹಿಂದಕ್ಕೆ ಸರಿಯುತ್ತಾರೆ.

ಸೆರಗು ಜಗ್ಗಿದಂತಾಗುತ್ತದೆ. ಮಧುರಾ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾಳೆ. ಅಪ್ಪ ಹೆಜ್ಜೆ ಹಾಕಿದರೂ ಬಿಡುವುದಿಲ್ಲ.

“ಅಪ್ಪಾ, ತಗೊಂಡೆ ಅನ್ನು.”

ವಿಶ್ವಜಿತ್ ಫೋನಿನಿಂದ ತಲೆ ಎತ್ತುತ್ತಾರೆ. ಫೋನು ಮತ್ತೊಮ್ಮೆ ಗುಂಯ್‌ಗುಡುತ್ತದೆ. ಅದನ್ನು ಜೇಬಿಗೆ ತುರುಕಿ ಮಗಳನ್ನು ಎರಡೂ ಕೈಯಿಂದ ಎತ್ತಿಕೊಳ್ಳುತ್ತಾರೆ. “ತಗೊಂಡೆ” ಎನ್ನುವಾಗ ಅವರ ದನಿ ಸಣ್ಣಗಾಗಿರುತ್ತದೆ. ಮುಷ್ಟಿ ಸಡಿಲುತ್ತದೆ. ನಲಿನಿ ಒಳಗೆ ಹೋಗುತ್ತಾರೆ.

ವಿಶ್ವಜಿತ್ ಈಗಲೂ ಕೆಲವು ಸಂಜೆ ಫೋನು ಹಿಡಿದೇ ಬರುತ್ತಾರೆ. ಚಟ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಗೇಟಿನಲ್ಲಿ ಅದು ಜೇಬಿಗೆ ಇಳಿಯುತ್ತದೆ, ಮತ್ತೊಂದು ದೂರೂ ಬಂದಿಲ್ಲ.

ನಿಮ್ಮ ಆಸೆ ಏನು ಎಂದು ಕೇಳಿದರೆ ಗೋದಾವರಿ ನಗುತ್ತಾರೆ. “ಬಾಲಾನಗರ ಬಸ್ಸಿನ್ಯಾಗ ಕುಂಡ್ರಾಕ ಸೀಟ್ ಸಿಕ್ರ ಸಾಕ್ರಿ.” ಸೆರಗಿನ ಅಂಚನ್ನು ಬೆರಳಲ್ಲಿ ಸವರುತ್ತಾರೆ.

“ಇಷ್ಟು ವರ್ಷದಾಗ ಒಂದ ದಿನ ಹೆದರಿ ಕೈ ಬಿಟ್ಟೀನ್ರಿ. ಅವತ್ತು ಕೂಸು ನನ್ನ ಬಿಡಲಿಲ್ಲ.”